ಪಾಸ್‌ಬುಕ್‌ನಲ್ಲಿ ಗುರುತು ಸಿಗದ ಕಡಿತ: ನಿಲ್ಲಿಸುವುದು ಹೇಗೆ?

‘ಸರ, ಈ ನೂರಾ ತೊಂಬತ್ತೊಂಬತ್ತು ರೂಪಾಯಿ ಯಾತರದ್ರೀ?’ ಬಾಗಲಕೋಟೆ ಕಡೆಯ ಬ್ಯಾಂಕ್ ಕೌಂಟರ್‌ಗಳಲ್ಲಿ ಈಗ ಈ ಪ್ರಶ್ನೆ ಹೊಸದೇನಲ್ಲ. ಕಬ್ಬಿನ ಬಿಲ್ಲು ಜಮಾ ಆಗಿರುವ ಖಾತೆಯಲ್ಲಿ ಇಷ್ಟು ಸಣ್ಣ ಮೊತ್ತ ಹೋದರೆ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ಗೊತ್ತಾದ ದಿನ ಸಿಟ್ಟಿನಲ್ಲಿ ಆ್ಯಪ್ ಡಿಲೀಟ್ ಮಾಡುತ್ತೇವೆ, ಕಾರ್ಡ್ ಬ್ಲಾಕ್ ಮಾಡಿಸುತ್ತೇವೆ. ಮುಂದಿನ ತಿಂಗಳು ಮತ್ತೆ ಕಡಿತ! ಏಕೆಂದರೆ ದುಡ್ಡು ಹೋಗುತ್ತಿರುವ ದಾರಿಯೇ ಬೇರೆ ಇರಬಹುದು. ಮೊದಲು ಆ ದಾರಿ ಹುಡುಕಬೇಕು.

(ದೊಡ್ಡ ಮೊತ್ತ ಹೋಗಿದ್ದರೆ ಅಥವಾ ಒಂದರ ಹಿಂದೆ ಒಂದು ಹೋಗುತ್ತಿದ್ದರೆ ಹುಡುಕುತ್ತ ಕೂರಬೇಡಿ. ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ, ಆಮೇಲೆ ಬ್ಯಾಂಕಿಗೆ ಫೋನ್ ಮಾಡಿ.)

ಆ ಸಾಲನ್ನು ಓದಿ

ಪಾಸ್‌ಬುಕ್‌ನಲ್ಲಿ ಅರ್ಧ ಹೆಸರಷ್ಟೇ ಅಚ್ಚಾಗಿದ್ದರೆ ಸ್ಟೇಟ್‌ಮೆಂಟ್ ತೆಗೆಸಿ. ಸಾಲಿನಲ್ಲಿ ‘ಯುಪಿಐ’ ಎಂದಿದ್ದರೆ ದುಡ್ಡು ಫೋನಿನಿಂದ ಹೋಗಿದೆ. ‘ಎಸಿಎಚ್’ ಅಥವಾ ‘ನ್ಯಾಚ್’ ಎಂದಿದ್ದರೆ ಸಾಲದ ಕಂತು, ವಿಮೆ, ಎಸ್‌ಐಪಿ (ಮ್ಯೂಚುವಲ್ ಫಂಡ್‌ನ ಕಂತು) ಥರದ್ದಕ್ಕೆ ನೀವು ಯಾವಾಗಲೋ ಕೊಟ್ಟ ಒಪ್ಪಿಗೆ ಇರುತ್ತದೆ. ‘ಪಿಒಎಸ್’, ‘ಇಕಾಂ’ ಎಂದಿದ್ದರೆ ಅದು ಕಾರ್ಡಿನ ವ್ಯವಹಾರ. ಅಲ್ಲಿರುವ ಹೆಸರು ಆ್ಯಪ್‌ನದ್ದೇ ಆಗಿರಬೇಕೆಂದಿಲ್ಲ, ಅದನ್ನು ನಡೆಸುವ ಕಂಪನಿಯದ್ದೂ ಇರಬಹುದು.

ಮೇ ಕೊನೆಯಲ್ಲಿ 436 ಅಥವಾ 20 ರೂಪಾಯಿ ಹೋಗಿದ್ದರೆ ಗಾಬರಿ ಬೇಡ. ಮೊದಲನೆಯದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ, ಎರಡನೆಯದು ಸುರಕ್ಷಾ ಬಿಮಾ. ಖಾತೆ ತೆರೆಯುವಾಗಲೋ ಸಾಲ ಪಡೆಯುವಾಗಲೋ ಸಹಿ ಹಾಕಿದ ಫಾರಂಗಳ ನಡುವೆ ಇವೂ ಇದ್ದಿರಬಹುದು. ಬೇಡವಾದರೆ ಶಾಖೆಯಲ್ಲಿ ಬರೆದುಕೊಟ್ಟು ನಿಲ್ಲಿಸಬಹುದು. ಆದರೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಸುಮ್ನೆ ಬಿಡುವಂಥದ್ದಲ್ಲ. ಎಸ್‌ಎಂಎಸ್ ಶುಲ್ಕ, ಕಾರ್ಡಿನ ವಾರ್ಷಿಕ ಶುಲ್ಕಗಳೂ ಹೀಗೇ ಸದ್ದಿಲ್ಲದೆ ಹೋಗುತ್ತವೆ.

ಆಟೋಪೇ ಹುಡುಕಿ, ರದ್ದು ಮಾಡಿ

ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲಿ. ‘ಒಂದು ರೂಪಾಯಿಗೆ ಏಳು ದಿನ ಸಿನಿಮಾ’ ಎಂದು ಆ್ಯಪ್ ಕರೆಯುತ್ತದೆ. ಒಂದು ರೂಪಾಯಿ ತಾನೇ ಎಂದು ಪಿನ್ ಒತ್ತುತ್ತೇವೆ. ಆದರೆ ಆ ಪಿನ್‌ನಲ್ಲಿ ಮುಂದಿನ ತಿಂಗಳುಗಳ ಒಪ್ಪಿಗೆಯೂ ಸೇರಿರುತ್ತದೆ. ತಾನಾಗಿಯೇ ದುಡ್ಡು ಹೋಗುವ ಈ ಒಪ್ಪಿಗೆಯೇ ಆಟೋಪೇ. ಇಂಥ ಚಂದಾಗಳಲ್ಲಿ 15,000 ರೂಪಾಯಿವರೆಗಿನ ಕಂತಿಗೆ ಮತ್ತೆ ಪಿನ್ ಕೇಳುವುದೇ ಇಲ್ಲ. ಕಡಿತಕ್ಕೆ 24 ಗಂಟೆ ಮೊದಲು ತಿಳಿಸಬೇಕೆಂಬ ನಿಯಮವೇನೋ ಇದೆ. ಆ ಮೆಸೇಜು ಜಾಹೀರಾತುಗಳ ನಡುವೆ ಕಳೆದುಹೋಗುತ್ತದೆ, ಅಲ್ವಾ?

ಫೋನ್‌ಪೇ, ಗೂಗಲ್ ಪೇ ಯಾವುದೇ ಇರಲಿ, ನಿಮ್ಮ ಪ್ರೊಫೈಲ್ ಒತ್ತಿದರೆ ‘ಆಟೋಪೇ’ ಕಾಣುತ್ತದೆ. ಅಲ್ಲಿ ಚಾಲ್ತಿಯಲ್ಲಿರುವ ಒಪ್ಪಿಗೆಗಳ ಪಟ್ಟಿ ಇರುತ್ತದೆ. ಬೇಡವಾದದ್ದನ್ನು ರದ್ದು ಮಾಡಿ. ‘ಪಾಸ್’ (Pause) ಒತ್ತಿ ಬಿಟ್ಟರೆ ತಾತ್ಕಾಲಿಕವಾಗಿ ಮಾತ್ರ ನಿಲ್ಲುತ್ತದೆ. ಒಪ್ಪಿಗೆ ಕೊಟ್ಟ ಆ್ಯಪ್ ಯಾವುದೆಂದು ನೆನಪಿಲ್ಲದಿದ್ದರೆ ಫೋನಿನಲ್ಲಿರುವ ಎಲ್ಲ ಯುಪಿಐ ಆ್ಯಪ್‌ಗಳನ್ನೂ ತೆರೆದು ನೋಡಿ. ಬಳಿಕ ಪ್ಲೇಸ್ಟೋರ್‌ನ ‘ಪೇಮೆಂಟ್ಸ್ ಆ್ಯಂಡ್ ಸಬ್‌ಸ್ಕ್ರಿಪ್ಶನ್ಸ್’ ನೋಡಿ. ಮೊಮ್ಮಗ ಅಜ್ಜನ ಫೋನಿನಲ್ಲಿ ಗೇಮ್ ಆಡಿದ್ದರೆ ಉತ್ತರ ಅಲ್ಲೇ ಸಿಗುವ ಸಾಧ್ಯತೆ ಜಾಸ್ತಿ.

ಕಾರ್ಡಿನಿಂದ ಹೋಗುತ್ತಿರುವುದನ್ನೂ ನ್ಯಾಚ್ ಕಡಿತವನ್ನೂ ನಿಲ್ಲಿಸಲು ಬ್ಯಾಂಕಿನ ಆ್ಯಪ್ ಇಲ್ಲವೇ ಶಾಖೆಗೇ ಹೋಗಬೇಕು. ನ್ಯಾಚ್ ಸಾಲದ ಕಂತಿನದ್ದಾದರೆ ನಿಲ್ಲಿಸಬೇಡಿ, ದಂಡ ಬೀಳುತ್ತದೆ.

ಹೋದ ದುಡ್ಡು ವಾಪಸ್ ಬರುತ್ತದಾ?

ನೀವೇ ಪಿನ್ ಒತ್ತಿದ್ದರೆ ಬ್ಯಾಂಕು ಅದನ್ನು ನಿಮ್ಮ ಒಪ್ಪಿಗೆ ಎಂದೇ ಹೇಳುತ್ತದೆ. ಮ್ಯಾನೇಜರ್ ಮೇಲೆ ರೇಗಿ ಫಲವಿಲ್ಲ. ಆ್ಯಪ್‌ನ ಒಳಗಿರುವ ‘ಹೆಲ್ಪ್’ನಿಂದಲೇ ಕಂಪನಿಗೆ ಬರೆದು ಮರುಪಾವತಿ ಕೇಳಿ. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಬೇಡಿ, ಅಲ್ಲಿ ನಕಲಿ ನಂಬರ್‌ಗಳೂ ಇರುತ್ತವೆ. ದುಡ್ಡು ಬರಲು ಪಿನ್ ಹಾಕಿ ಎಂದು ಯಾರಾದರೂ ಹೇಳಿದರೆ ಫೋನ್ ಇಟ್ಟುಬಿಡಿ. ಕಂಪನಿ ಜಗ್ಗದಿದ್ದರೆ ಗ್ರಾಹಕ ಸಹಾಯವಾಣಿ 1915. ರದ್ದು ಮಾಡಲು ಬಿಡದೆ ಸುತ್ತಾಡಿಸುವ ‘ಚಂದಾ ಬಲೆ’ಯನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲೇ ನಿಷೇಧಿಸಿದೆ.

ನೀವು ಒಪ್ಪಿಗೆ ಕೊಟ್ಟೇ ಇಲ್ಲ, ಬೇರೆಯವರು ಕದ್ದಿದ್ದಾರೆ ಎಂದಾದರೆ ಓಡಬೇಕಾದದ್ದು ಬ್ಯಾಂಕಿಗೆ. ರಿಸರ್ವ್ ಬ್ಯಾಂಕಿನ 2017ರ ನಿಯಮದ ಪ್ರಕಾರ, ನಿಮ್ಮದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದ ವಂಚನೆಯನ್ನು ಬ್ಯಾಂಕಿನ ಮೆಸೇಜು ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. ಹಾಗಾಗಿ ಖಾತೆಗೆ ಹಳೆಯ ಮೊಬೈಲ್ ನಂಬರೇ ಜೋಡಣೆಯಾಗಿದ್ದರೆ ಇವತ್ತೇ ಬದಲಿಸಿ. ದೂರನ್ನು ಬಾಯಿಮಾತಿನಲ್ಲಿ ಮುಗಿಸದೆ ಬರೆದುಕೊಟ್ಟು, ಸೀಲು ಹಾಕಿದ ಪ್ರತಿ ಪಡೆಯಿರಿ. ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನ ಹಳೆ ಪಾಸ್‌ಬುಕ್ ಇದ್ದವರು ಕರ್ನಾಟಕ ಗ್ರಾಮೀಣ ಬ್ಯಾಂಕ್ ಹೆಸರಿಗೆ ಬರೆಯಿರಿ. 2025ರ ಮೇ 1ರಿಂದ ಎರಡೂ ಒಂದೇ.

30 ದಿನ ಕಳೆದರೂ ಉತ್ತರವಿಲ್ಲವೇ? ಆ ಪ್ರತಿಯನ್ನು ಲಗತ್ತಿಸಿ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು ಕೊಡಿ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಹೇಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ಸಹಾಯವಾಣಿ 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಹೇಳುತ್ತಾರೆ.