ಹೈವೇ ದೂರ ಹೋದ ಮೇಲೆ ಲೇತ್ ಹತ್ತಿರ ಗಿರಾಕಿ ಬಂದರು

2023ರಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಶುರುವಾದ ಮೇಲೆ ಚನ್ನಪಟ್ಟಣದ ಹಳೇ ರಸ್ತೆಯಲ್ಲಿ ಕಾರು ನಿಲ್ಲಿಸುವವರೇ ಕಮ್ಮಿಯಾದರು. ಬೈಪಾಸ್ ಹಿಡಿದು ಎಲ್ಲ ಸೀದಾ ಮೈಸೂರಿಗೆ. ಗೊಂಬೆ ಅಂಗಡಿಗಳ ಗತಿ ಏನಾಯ್ತು ಅಂತ ನಮ್ಮ ಕಸುಬಿನವರಿಗೆ ಹೇಳಬೇಕಿಲ್ಲ. ನನ್ನ ಹತ್ತಿರ ಮರ ತಿರುಗಿಸಿ ಗೊಂಬೆ ಕಡೆಯುವ ಐದು ಲೇತ್, ಏಳು ಜನ ಕೆಲಸಗಾರರು. ಅಂಗಡಿಗಳ ಆರ್ಡರ್ ಅರ್ಧಕ್ಕಿಂತ ಕೆಳಗೆ ಬಂತು.

ಮೊದಲು ಎಲ್ಲರ ಹಾಗೆ ಆನ್‌ಲೈನ್ ಮಾರಾಟಕ್ಕೆ ಹೋದೆ. ಕಮಿಷನ್, ಕೊರಿಯರ್, ವಾಪಸ್ ಬಂದ ಮಾಲು ಎಲ್ಲ ಸೇರಿ ಎಂಟು ತಿಂಗಳಲ್ಲಿ ಸುಮಾರು 70 ಸಾವಿರ ಹೋಯ್ತು. ಅವಸರಕ್ಕೆ ಬಿದ್ದು ಸರಿಯಾಗಿ ಒಣಗದ ಆಲೆ ಮರ (ನಮ್ಮ ಗೊಂಬೆಗೆ ಬಳಸುವ ಮೆದು ಮರ) ಕಡೆದಿದ್ದೆ, ಅದು ನನ್ನದೇ ತಪ್ಪು. ದೆಹಲಿಯ ಬೇಸಿಗೆಗೆ ಗಿಲಕಿ ಸೀಳಿತು ಅಂತ ಒಬ್ಬ ತಾಯಿ ಫೋಟೊ ಕಳಿಸಿದರು. ಉಗುರು ತೂರುವಷ್ಟು ಬಿರುಕು. ಆ ಫೋಟೊ ನೋಡಿದ ರಾತ್ರಿ ನಿದ್ದೆ ಬರಲಿಲ್ಲ.

ರಾಮನಗರದ ಹತ್ತಿರದ ಜಾನಪದ ಲೋಕ ಮ್ಯೂಸಿಯಂ ನೋಡಲು ಬಂದಿದ್ದ ಒಂದು ಶಾಲೆಯ ಮಕ್ಕಳು ಒಮ್ಮೆ ನಮ್ಮ ಶೆಡ್ಡಿಗೆ ಬಂದರು. ಅಲ್ಲಿಂದ ನಮ್ಮೂರು ಹತ್ತು ಹದಿನೈದು ನಿಮಿಷ ಅಷ್ಟೇ ಅಲ್ವಾ. ಲೇತಿನಲ್ಲಿ ತಿರುಗುವ ಬುಗುರಿಗೆ ಅರಗಿನ ಕಡ್ಡಿ ಒತ್ತಿದೆ, ಉಜ್ಜಿದ ಬಿಸಿಗೆ ಬಣ್ಣ ಕರಗಿ ಹತ್ತಿತು. ತಾಳೆಗರಿ ಹಿಡಿದ ಕೂಡಲೇ ಮಿರಮಿರ ಮಿಂಚಿತು. ಮಕ್ಕಳು ಬಸ್ ಹತ್ತಲು ಒಪ್ಪಲೇ ಇಲ್ಲ. ಇನ್ಮೇಲೆ ಗೊಂಬೆ ಮಾತ್ರ ಅಲ್ಲ, ಮಾಡುವ ಕೆಲಸ ತೋರಿಸಿಯೂ ಕಾಸು ತಗೋಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

'ಕಸುಬು ತೋರಿಸಿ ಕಾಸು ಕೇಳ್ತೀಯೇನಪ್ಪಾ?' ಅಂದರು ಹಿರಿಯರು. ಅವರ ಮಾತಿಗೆ ಹೆದರಿ ಮೊದಲ ಮೂರು ತಂಡಗಳಿಗೆ ಪುಕ್ಕಟೆ ತೋರಿಸಿದೆ. ಅರವತ್ತು ಮಕ್ಕಳು ಬಂದ ದಿನ ಮಾರಾಟವಾಗಿದ್ದು ನಾಲ್ಕೇ ಗೊಂಬೆ. ಸುಮ್ನೆ ತೋರಿಸಿದರೆ ಯಾರಿಗೂ ಬೆಲೆ ಗೊತ್ತಾಗಲ್ಲ.

ಕರೆಂಟ್ ಲೇತ್ ಹತ್ತಿರ ಮಕ್ಕಳನ್ನು ಬಿಡುವ ಹಾಗಿಲ್ಲ. ಕೈಯಲ್ಲಿ ಚಕ್ರ ತಿರುಗಿಸುವ ಲೇತ್ ಮಾಡಿಸಿದೆ, 14 ಸಾವಿರ ಆಯ್ತು. ವೇಗ ಸಾಲದೆ ಅರಗು ಕರಗಲೇ ಇಲ್ಲ, ಬುಗುರಿ ಮೇಲೆ ಗೀರು ಮಾತ್ರ ಬಿತ್ತು. ಇನ್ನೊಂದು ಆರು ಸಾವಿರ ಹಾಕಿ ದೊಡ್ಡ ಚಕ್ರ ಕೂರಿಸಿದ ಮೇಲೆ ಸರಿ ಹೋಯ್ತು. ಒಂದು ಮಗು ತಿರುಗಿಸುತ್ತೆ, ಇನ್ನೊಂದು ಅರಗು ಒತ್ತುತ್ತೆ. ಮಗು ಮೆಲ್ಲಗೆ ಒತ್ತಿದರೂ ಬಣ್ಣ ಹತ್ತುವ ಹಾಗೆ ಅರಗನ್ನು ಹದ ಮಾಡಿದ್ದೇನೆ. ಅದಕ್ಕೆ ಏನು ಬೆರೆಸಿದೆ ಅಂತ ಮಾತ್ರ ಕೇಳಬೇಡಿ, ಹೇಳಲ್ಲ.

ನಡುವೆ ಅರಗಿಗೆ ಬೀಟ್ರೂಟ್ ಕೆಂಪು ಹಾಕುವ ಹುಚ್ಚು ಹಿಡಿದಿತ್ತು. ವಾರ ಬಿಸಿಲಿಗಿಟ್ಟರೆ ಮಣ್ಣಿನ ಬಣ್ಣ. ಅರಿಶಿನದ ಹಳದಿ ನೆರಳಲ್ಲಿ ಚೆನ್ನಾಗಿ ನಿಲ್ಲುತ್ತೆ. ರಬ್ಬರ್ ಮರದಲ್ಲಿ ದೊಡ್ಡ ಬಳೆ ಕಡೆದು ನೋಡಿದೆ. ಆಲೆ ಮರದ ನುಣುಪು ಬರಲಿಲ್ಲ, ಆದರೆ ಗೋಡೆಗೆ ಹಾಕುವ ಗೂಟಕ್ಕೆ ಸಾಕು.

ಈಗ ತಲೆಗೆ 250 ರೂಪಾಯಿ. ಮಗು ತಾನು ಬಣ್ಣ ಹಾಕಿದ ಬುಗುರಿಯನ್ನು ಮನೆಗೆ ಒಯ್ಯುತ್ತೆ. ಆ ದಿನ ಕಲಿಸುವ ಕೆಲಸಗಾರನಿಗೆ ಕೂಲಿ ಬಿಟ್ಟು ಮುನ್ನೂರು ಜಾಸ್ತಿ. ಮುದ್ದೆ, ಬಸ್ಸಾರು ಪಕ್ಕದ ಬೀದಿಯ ಹೆಣ್ಣುಮಕ್ಕಳದು, ಊಟಕ್ಕೆ ತೊಂಬತ್ತು, ಆ ದುಡ್ಡು ನೇರ ಅವರ ಕೈಗೆ. ಕಳೆದ ಡಿಸೆಂಬರ್‌ನಲ್ಲಿ ಹತ್ತು ತಂಡ ಬಂದಿರಬೇಕು. ಗೊಂಬೆ ಮಾರಾಟವೂ ಸೇರಿ ಒಂದು ಮುಕ್ಕಾಲು ಲಕ್ಷದ ವಹಿವಾಟು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಗೊಂಬೆಯದೇ. ಈ ಲೆಕ್ಕ ನಮ್ಮೂರಲ್ಲಿ ಬೇರೆ ಯಾರೂ ತೋರಿಸಲಿಲ್ಲ ಅಂತ ಹೆಮ್ಮೆಯಿಂದಲೇ ಹೇಳ್ತೀನಿ. ಜೂನ್, ಜುಲೈ ಮಾತ್ರ ಖಾಲಿ, ಆಗ ಮರ ಒಣಗಿಸಿ ದಾಸ್ತಾನು ಮಾಡ್ತೀವಿ.

ಅವತ್ತು ಬೇಡ ಅಂದ ಹಿರಿಯರೊಬ್ಬರ ಮನೆಯೂ ಸೇರಿ ಈ ವರ್ಷ ಮೂರು ಮನೆ ಜೊತೆಯಾಗಿವೆ. ಒಂದು ಮನೆಗೆ ಬುಗುರಿ, ಒಂದಕ್ಕೆ ಗಿಲಕಿ, ಒಂದಕ್ಕೆ ಬಳೆ. ಒಬ್ಬರ ಮಾಲು ಇನ್ನೊಬ್ಬರು ಮಾಡುವ ಹಾಗಿಲ್ಲ, ರೇಟು ಇಳಿಸುವ ಹಾಗಿಲ್ಲ. ಯಾವ ಬಸ್ ಯಾರ ಮನೆಗೆ ಅನ್ನೋದನ್ನು ನಮ್ಮ ಶೆಡ್ಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡ್ತೀವಿ.