ಆಟ, ಓಟ, ನನ್ನ ಎರಡು ಮಂಡಿ

ನಾನು ಬಡಗುತಿಟ್ಟು ಯಕ್ಷಗಾನದಲ್ಲಿ (ಅದರ ಬಡಗಣ ಶೈಲಿ) ಪುಂಡುವೇಷದವ, ಅಂದ್ರೆ ಕುಣಿತ ಜಾಸ್ತಿ ಇರುವ ಹರೆಯದ ವೀರರ ಪಾತ್ರ ಮಾಡುವವ, ಮನೆ ಉಡುಪಿ ಹತ್ರ. ಮ್ಯಾರಥಾನ್ ಹುಚ್ಚು ಹಿಡಿದಾಗ ಚೌಕಿಯಲ್ಲಿ (ಬಣ್ಣ ಹಚ್ಚುವ ಜಾಗ) ಎಲ್ರೂ ಕೇಳಿದ್ದು ಒಂದೇ, ಟೈಮ್ ಎಲ್ಲಿಂದ ತರ್ತೀಯ ಮಾರಾಯ ಅಂತ. ಟೈಮ್ ಉಂಟು, ಆಟ (ಯಕ್ಷಗಾನಕ್ಕೆ ನಾವು ಹೇಳುವುದು ಹಾಗೆ) ರಾತ್ರಿಯದ್ದು, ಹಗಲಿಡೀ ನಾವು ಖಾಲಿಯೇ ಅಲ್ವಾ. ಇಲ್ಲದ್ದು ನಿದ್ದೆ. ಮತ್ತೆ ಮಂಡಿ.

ಮೊದಲ ವರ್ಷ ಫೋನಲ್ಲಿ ಸಿಕ್ಕಿದ 16 ವಾರದ ಒಂದು ಪ್ಲಾನ್ ಹಿಡ್ಕೊಂಡು ಹಾಗೆಯೇ ಓಡಿದೆ, ವಾರಕ್ಕೆ ನಾಲ್ಕು ದಿನ, ಆದಿತ್ಯವಾರ ಲಾಂಗ್ ರನ್. ಆದ್ರೆ ರಾತ್ರಿ ಬಭ್ರುವಾಹನ ಮಾಡುವಾಗ ಚೆಂಡೆ ಏರ್ತಾ ಹೋಗ್ತದೆ, ಜನ ಚಪ್ಪಾಳೆ ಹೊಡೀತಾರೆ, ಮಂಡಿಯಲ್ಲಿ ರಂಗಸ್ಥಳ ಸುತ್ತುವುದನ್ನು ನಿಲ್ಲಿಸ್ಲಿಕ್ಕೆ ಮನಸ್ಸು ಬರುವುದಿಲ್ಲ, ಮರುದಿನ ಸಂಜೆ ಪುನಃ 8 ಕಿಲೋಮೀಟರ್. ಆ ಮಂಡಿ ಕುಣಿತ ಆ್ಯಪಿನ ಲೆಕ್ಕದಲ್ಲಿ ಸೊನ್ನೆ ನೋಡಿ! ಡಿಸೆಂಬರಿಗೆ ಬಲ ಮಂಡಿ ತೆಂಗಿನಕಾಯಿ ಹಾಗೆ ಊದಿತು. ಎರಡರಲ್ಲಿ ಒಂದು ಬಿಡಿ ಅಂದ್ರು ಡಾಕ್ಟ್ರು. ಬಿಡ್ಲಿಲ್ಲ, ಲೆಕ್ಕ ಬದಲಿಸಿದೆ.

ಈಗ ಡೈರಿಯಲ್ಲಿ ಮೊದಲು ಬರೆಯುವುದು ನಮ್ಮ ತಂಡದ, ಅಂದ್ರೆ ಮೇಳದ ಕ್ಯಾಂಪ್ (ಆ ರಾತ್ರಿ ಆಟ ಇರುವ ಊರು), ಪ್ರಸಂಗ (ಆಡುವ ಕಥೆ), ನನ್ನ ವೇಷ. ಓಟ ಆಮೇಲೆ. ದೊಡ್ಡ ವೇಷ ಇದ್ದ ರಾತ್ರಿಯೂ ಒಂದು ಗಟ್ಟಿ ಟ್ರೈನಿಂಗೇ ಅಂತ ಬರ್ಕೊಳ್ತೇನೆ, ಮರುದಿನ ಓಟ ಇಲ್ಲ, ನಿದ್ದೆ ಮಾತ್ರ. ಎರಡನೇ ಪ್ರಸಂಗದಲ್ಲಿ ಸಣ್ಣ ವೇಷ ಇದ್ರೆ ಸಂಜೆ ನಾಲ್ಕಕ್ಕೆ ಕ್ಯಾಂಪಿನ ಊರಲ್ಲೇ 5-6 ಕಿಲೋಮೀಟರ್, ನಾಯಿಗಳ ಜೊತೆ. ಲಾಂಗ್ ರನ್ನಿಗೆ ಮಾತ್ರ ಮೊದಲ ಪ್ರಸಂಗದ ವೇಷ ಬೇಕು, 12 ಗಂಟೆಗೆ ಬಣ್ಣ ತೆಗೆದು ಮನೆಗೆ ಬಂದ್ರೆ ನಾಲ್ಕು ತಾಸಾದ್ರೂ ನಿದ್ದೆ ಸಿಗ್ತದೆ. ಅದಕ್ಕೆ ಮ್ಯಾನೇಜರ್ ಹತ್ರ ತಿಂಗಳ ಮೊದಲೇ ಮಾತಾಡ್ಬೇಕು, ಹಿಂದಿನ ದಿನ ಹೇಳಿದ್ರೆ ಬೈಗುಳ ಗ್ಯಾರಂಟಿ.

ಓಡುವುದು ಮಲ್ಪೆ ಪಡುಕೆರೆಯಿಂದ ಮಟ್ಟು ಕಡೆಗೆ. ಒಂದು ಬದಿ ಸಮುದ್ರ, ಇನ್ನೊಂದು ಬದಿ ಹೊಳೆ, ನಡುವೆ ಸಪಾಟು ರಸ್ತೆ. ಕಾಪು ದೀಪಸ್ತಂಭದವರೆಗೆ ಹೋಗಿ ಬಂದ್ರೆ 20 ದಾಟ್ತದೆ. ಬೆಳಿಗ್ಗೆ 5 ಗಂಟೆಗೂ ಸೆಕೆ, ಅಂಗಿ ಹಿಂಡಿದ್ರೆ ನೀರು ಬರ್ತದೆ, ಹಾಗಾಗಿ ಹೊರಡುವ ಮೊದಲು ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿಯ ತಿಳಿ, ಬಂದ ಮೇಲೆ ಬೊಂಡ, ಅಂದ್ರೆ ಎಳನೀರು. (ರಾತ್ರಿಯ ಕಾಡಿಗೆಯನ್ನು ತೆಂಗಿನೆಣ್ಣೆ ಹಾಕಿ ಎಷ್ಟು ಒರೆಸಿದ್ರೂ ಸ್ವಲ್ಪ ಉಳಿತದೆ, ಹತ್ತನೇ ಕಿಲೋಮೀಟರಿಗೆ ಬೆವರಿನ ಜೊತೆ ಕಣ್ಣಿಗೆ ಇಳಿದು ಉರಿ. ಹುಬ್ಬಿನ ಮೇಲೆ ಒಂದು ಬಟ್ಟೆ ಕಟ್ಟಿಕೊಳ್ಳಿ.)

ನಿಜವಾದ ತಯಾರಿ ಮಳೆಗಾಲದ್ದು. ಮೇ ಕೊನೆಗೆ ಬರುವ ಪತ್ತನಾಜೆಗೆ (ಆಟದ ಸೀಸನ್ ಮುಗಿಯುವ ದಿನ) ಗೆಜ್ಜೆ ಬಿಚ್ಚಿದ್ರೆ ಮತ್ತೆ ಮೇಳದ ತಿರುಗಾಟ ನವೆಂಬರಿಗೆ. ನಡುವೆ ತಾಳಮದ್ದಳೆ, ಅದು ಕೂತು ಮಾತಾಡುವುದು, ಮಂಡಿಗೆ ರಜೆ. ಜೂನಿನಿಂದ ಇಂದ್ರಾಳಿಯಿಂದ ಮಣಿಪಾಲಕ್ಕೆ ಏರು ಹತ್ತುವುದು, ದಿನಾ ಬಸ್ಕಿ, ಮಳೆಗೆ ಎರಡು ಜೊತೆ ಶೂ. ಕಿಲೋಮೀಟರ್ ಏರಿಸುವುದೆಲ್ಲ ಆವಾಗಲೇ, ತಿರುಗಾಟ ಸುರುವಾದ ಮೇಲೆ ಇದ್ದದ್ದನ್ನು ಉಳಿಸಿಕೊಂಡ್ರೆ ಸಾಕು.

ಮುಂಬಯಿ ಮ್ಯಾರಥಾನ್ ಬರುವುದು ಜನವರಿಯಲ್ಲಿ, ಆಟದ ಭರಾಟೆಯ ನಡುವೆ. ಬಿಬ್ (ಎದೆಗೆ ಹಾಕುವ ನಂಬರ್ ಚೀಟಿ) ನಾವೇ ಹೋಗಿ ತಗೊಳ್ಬೇಕಾದ ಕಾರಣ ಶುಕ್ರವಾರ ಸಂಜೆ ಉಡುಪಿಯಲ್ಲಿ ಮತ್ಸ್ಯಗಂಧ ರೈಲು ಹತ್ತಿ ಶನಿವಾರ ಬೆಳಿಗ್ಗೆ ಕುರ್ಲಾದಲ್ಲಿ ಇಳಿದೆ, ಆದಿತ್ಯವಾರ ಓಡಿ ಅದೇ ಮಧ್ಯಾಹ್ನದ ಗಾಡಿಗೆ ವಾಪಸ್. ಮೂರು ರಾತ್ರಿ ರಜೆ. ನನ್ನ ವೇಷ ಮೂವರು ಹಂಚಿಕೊಂಡ್ರು, ಅವರ ಮನೆ ಕಾರ್ಯಕ್ರಮಗಳಿಗೆ ನಾನು ಬದಲಿ ನಿಂತದ್ದು ಮಾರ್ಚ್‌ವರೆಗೆ ಮುಗಿಯಲಿಲ್ಲ. 42.195 ಕಿಲೋಮೀಟರ್ 5 ಗಂಟೆ 12 ನಿಮಿಷ, ಪೆಡ್ಡರ್ ರೋಡಿನ ಏರಲ್ಲಿ ಮಾತ್ರ ನಡೆದೆ, ಸುಳ್ಳು ಹೇಳುವುದಿಲ್ಲ.

ಸೋಮವಾರ ರಾತ್ರಿ ಆಟ ಇತ್ತು. ಸುಲಭದ್ದು ಕೊಡಿ ಅಂದದ್ದಕ್ಕೆ ಮುನಿ ವೇಷ ಕೊಟ್ರು, ಕೂತ್ಕೊಂಡೇ ಇರ್ಬಹುದು ಅಂತ ಖುಷಿಯಾಯ್ತು. ರಾಜ ಬಂದು ಕಾಲಿಗೆ ಬಿದ್ದಾಗ ಎದ್ದು ಆಶೀರ್ವಾದ ಮಾಡ್ಬೇಕಿತ್ತಲ್ಲ, ಏಳ್ಲಿಕ್ಕೆ ಆಗ್ಲಿಲ್ಲ, ಭಾಗವತರು ಪದ ಎರಡು ಸಲ ಎತ್ತಿದ್ರು, ಕೊನೆಗೆ ರಾಜನೇ ಕೈ ಹಿಡಿದು ಎಬ್ಬಿಸಿದ.

ಈ ಸಲ ಮಣಿಪಾಲದಲ್ಲಿ ಹಾಫ್ ಮ್ಯಾರಥಾನ್ ಮಾತ್ರ, ಒಂದೇ ರಾತ್ರಿ ರಜೆ ಕೇಳಿದ್ದೇನೆ.