ಊಜಿ ನೊಣಕ್ಕೆ ಪರದೆ ಕಟ್ಟಿದ ಹಾಗೆ

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಮನೆ ಹಿಂದೆ ರೇಷ್ಮೆ ಹುಳು ಸಾಕುವ ಮನೆ. ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕುತ್ತೇವೆ. ದುಡ್ಡು ನೇರ ಬ್ಯಾಂಕ್ ಖಾತೆಗೆ ಬರುತ್ತದೆ.

ಎರಡು ವರ್ಷದ ಹಿಂದೆ 150 ಮೊಟ್ಟೆಯ ಬೆಳೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳನ್ನೆಲ್ಲ ಒಂದು ಅಂತ ಎಣಿಸುತ್ತೇವೆ) ಚೆನ್ನಾಗಿ ಬಂದಿತ್ತು. ಗೂಡು ಮಾರಿ ನಾಲ್ಕು ದಿನ ಆಗಿತ್ತು. ಮಾವ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದಾಗ ಫೋನ್ ಬಂತು. ಬ್ಯಾಂಕಿನಿಂದ ಅಂತ ಹೇಳಿದ. ಮೊದಲು ಕನ್ನಡದಲ್ಲಿ ಮಾತಾಡಿದ. ಮಾವನ ಬಾಯಲ್ಲಿ ಒಂದು ತೆಲುಗು ಮಾತು ಬಂದ ತಕ್ಷಣ ಅವನೂ ತೆಲುಗಿಗೆ ಹೊರಳಿದ. ನಮ್ಮ ಕಡೆ ಎಲ್ಲರೂ ಹೀಗೇ ಎರಡೂ ಬೆರೆಸಿ ಮಾತಾಡುವುದು, ಹಾಗಾಗಿ ಮಾವನಿಗೆ ನಮ್ಮವನೇ ಅನ್ನಿಸಿತು. 'ನಿಮ್ಮ ಕೆವೈಸಿ ಆಗಿಲ್ಲ. ಖಾತೆಗೆ ಬಂದಿರುವ ದುಡ್ಡು ಸಾಯಂಕಾಲದೊಳಗೆ ವಾಪಸ್ ಹೋಗುತ್ತೆ' ಅಂದ. ವಾಟ್ಸಾಪ್‌ಗೆ ಒಂದು ಫೈಲ್ ಕಳಿಸಿದ. ಮೇಲೆ ಬ್ಯಾಂಕಿನ ಗುರುತು ಇತ್ತು, ಹೆಸರಿನ ಕೊನೆಯಲ್ಲಿ ಎಪಿಕೆ ಅಂತ ಇತ್ತು, ಅಂದರೆ ಫೋನಿಗೆ ಆ್ಯಪ್ ಇಳಿಸುವ ಫೈಲ್. ಅದನ್ನು ಒತ್ತಿದರೆ ಎಸ್ಸೆಮ್ಮೆಸ್ ನೋಡಲು ಅನುಮತಿ ಕೊಡಿ ಅಂತ ಕೇಳಿತು. ಮಾವ ಕೊಟ್ಟರು. ಆಮೇಲೆ ಬಂದ ಪುಟದಲ್ಲಿ ಕಾರ್ಡ್ ನಂಬರ್ ಎಲ್ಲ ತುಂಬಿಸಿದರು. ಒಟಿಪಿಯನ್ನು ಅವರು ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ, ಫೋನಿಗೆ ಬಂದ ಒಟಿಪಿಯನ್ನು ಆ ಆ್ಯಪ್ ಅವನಿಗೆ ತಲುಪಿಸುತ್ತಿತ್ತು. 20,000, ಇನ್ನೊಂದು 20,000, ಆಮೇಲೆ 9,500. ಹತ್ತೇ ನಿಮಿಷ.

ನಾನು ಆಮೇಲೆ ಮಾವನನ್ನು ಕೂರಿಸಿಕೊಂಡು ಆ ಮಾತುಕತೆಯನ್ನು ಒಂದೊಂದಾಗಿ ಕೇಳಿದೆ. 'ಗೂಡಿನ ದುಡ್ಡು ಬಂದಿರೋದು ಅವನಿಗೆ ಗೊತ್ತಿತ್ತಮ್ಮ, ಅದಕ್ಕೇ ನಂಬಿದೆ' ಅಂದರು. ಎರಡು ಮೂರು ಸಲ ಕೇಳಿದ ಮೇಲೆ ತಿಳಿಯಿತು, ಅವನು ಗೂಡು ಅನ್ನುವ ಮಾತನ್ನೇ ಆಡಿರಲಿಲ್ಲ. 'ಬಂದಿರುವ ದುಡ್ಡು' ಅಂದಿದ್ದ, ಅಷ್ಟೇ. ಅದು ಗೂಡಿನ ದುಡ್ಡು ಅಂತ ತುಂಬಿಕೊಂಡಿದ್ದು ಮಾವನ ಮನಸ್ಸು. ಪಿಂಚಣಿ ಬಂದವರಿಗೆ ಅದೇ ಮಾತು ಪಿಂಚಣಿ ಅಂತ ಕೇಳಿಸುತ್ತದೆ, ಗೃಹಲಕ್ಷ್ಮಿಯ 2,000 ಬಂದವರಿಗೆ ಗೃಹಲಕ್ಷ್ಮಿ ಅಂತ ಕೇಳಿಸುತ್ತದೆ.

ಅವತ್ತು ನಾವು ಮಾಡಿದ್ದರಲ್ಲಿ ಸರಿಯಾಗಿದ್ದು ಮೂರು ಕೆಲಸ. ಫೋನಿನ ನೆಟ್ ಆಫ್ ಮಾಡಿ ಸಿಮ್ ತೆಗೆದೆವು, ಅದನ್ನು ಹಳೆಯ ಕೀಪ್ಯಾಡ್ ಫೋನಿಗೆ ಹಾಕಿದೆವು. ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆವು. ಪಾಸ್‌ಬುಕ್ ಮೇಲಿದ್ದ ನಂಬರಿಗೆ ಫೋನ್ ಮಾಡಿ ಖಾತೆ ಬ್ಲಾಕ್ ಮಾಡಿಸಿದೆವು. 1930ರಲ್ಲಿ ಖಾತೆ ನಂಬರ್, ಎಷ್ಟು ಹೊತ್ತಿಗೆ ಎಷ್ಟು ಹೋಯಿತು, ಪ್ರತಿ ವಹಿವಾಟಿನ ನಂಬರ್, ಇಷ್ಟನ್ನೂ ಕೇಳುತ್ತಾರೆ. ಅದಕ್ಕೇ ಎಸ್ಸೆಮ್ಮೆಸ್‌ಗಳನ್ನು ಅಳಿಸಬೇಡಿ. ಗಾಬರಿಯಲ್ಲಿ ತುಂಬಾ ಜನ ಮೊದಲು ಅದನ್ನೇ ಅಳಿಸುತ್ತಾರೆ. ಮಾರನೇ ದಿನ ಚಿಕ್ಕಬಳ್ಳಾಪುರದ ಸೆನ್ ಠಾಣೆಗೆ (ಸೈಬರ್ ಅಪರಾಧ ನೋಡುವ ಪೊಲೀಸ್ ಠಾಣೆ) ಹೋಗಿ ದೂರು ಬರೆದುಕೊಟ್ಟೆವು. ಮೋಸಗಾರರ ಖಾತೆಯಿಂದ ಇನ್ನೂ ಆಚೆ ಹೋಗದೆ ಇದ್ದ 17,800 ರೂಪಾಯಿಯನ್ನು ತಡೆಹಿಡಿದಿದ್ದರು. ಅದು ಕೈಗೆ ಬರಲು ಕೋರ್ಟಿನ ಆದೇಶ ಬೇಕಾಯಿತು, ತಿಂಗಳುಗಳೇ ಹಿಡಿಯಿತು. ಉಳಿದಿದ್ದು ಹೋಯಿತು.

ಬ್ಯಾಂಕಿಗೆ ಬೇಗ ತಿಳಿಸುವುದಕ್ಕೆ ಇನ್ನೊಂದು ಕಾರಣ ಇದೆ, ಇದು ನನಗೆ ಆಮೇಲೆ ಗೊತ್ತಾಯಿತು. ರಿಸರ್ವ್ ಬ್ಯಾಂಕಿನ 2017ರ ನಿಯಮದ ಪ್ರಕಾರ, ನಮ್ಮದೇ ತಪ್ಪಿನಿಂದ ದುಡ್ಡು ಹೋಗಿದ್ದರೆ ತಿಳಿಸುವವರೆಗಿನ ನಷ್ಟ ನಮ್ಮದು. ತಿಳಿಸಿದ ಮೇಲೆ ಹೋಗುವುದು ಬ್ಯಾಂಕಿನ ಹೊಣೆ. ನಮ್ಮ ತಪ್ಪು ಇಲ್ಲದೆ ಹೊರಗಿನವರು ಹೊಡೆದಿದ್ದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಮಗೆ ನಷ್ಟ ಇಲ್ಲ. ನಾಚಿಕೊಂಡು ಒಂದು ರಾತ್ರಿ ಸುಮ್ಮನಿದ್ದರೂ ಅದಕ್ಕೆ ಬೆಲೆ ಕಟ್ಟಬೇಕಾಗುತ್ತದೆ.

ಊರಲ್ಲಿ ಕೆಲವರು 'ಅಷ್ಟೂ ಗೊತ್ತಾಗಲಿಲ್ವಾ' ಅಂದರು. ಆ ಮಾತು ನನಗೆ ಈಗಲೂ ನೋವು ಕೊಡುತ್ತದೆ. ನಮ್ಮ ಮಾವ ದಡ್ಡರಲ್ಲ. ತಟ್ಟೆಯಲ್ಲಿ ಸಾವಿರ ಹುಳು ಇದ್ದರೂ ಊಜಿ ನೊಣ ಮೊಟ್ಟೆ ಇಟ್ಟ ಹುಳುವನ್ನು ನಿಂತ ಕಡೆಯಿಂದಲೇ ತೋರಿಸುತ್ತಾರೆ. ಮೈ ಮೇಲೆ ಸಣ್ಣ ಕಪ್ಪು ಚುಕ್ಕೆ ಇರುತ್ತದೆ, ನನಗೆ ಹತ್ತಿರ ಹಿಡಿದರೂ ಒಮ್ಮೊಮ್ಮೆ ಕಾಣುವುದಿಲ್ಲ. ಅವರಿಗೇ ಹೀಗಾಯಿತು ಅಂದರೆ ಕೆಲಸದ ಮಧ್ಯೆ, ಕೈಯಲ್ಲಿ ಕುಡುಗೋಲು ಹಿಡಿದಿರುವಾಗ ಯಾರಿಗೂ ಆಗಬಹುದು. ನನಗೂ ಆಗಬಹುದು.

ನನಗೆ ದಾರಿ ಹೊಳೆದಿದ್ದು ಆ ಊಜಿಯಿಂದಲೇ. ಊಜಿ ನೊಣ ನಮ್ಮ ರಾಜ್ಯಕ್ಕೆ 1980ರಲ್ಲಿ ಬಂಗಾಳದ ಕಡೆಯಿಂದ ಬಂತು. ಹುಳುವಿನ ಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಗೇ ಬೆಳೆದು ಗೂಡನ್ನು ತೂತು ಮಾಡಿ ಆಚೆ ಬರುತ್ತದೆ. ಆ ಗೂಡಿನಿಂದ ನೂಲು ಬಿಚ್ಚಲು ಆಗುವುದಿಲ್ಲ. ಅದಕ್ಕೆ ನಾವು ಏನು ಮಾಡುತ್ತೇವೆ? ನೊಣ ಬರಲಿ, ನೋಡಿ ಹೊಡೆಯೋಣ ಅಂತ ಕಾಯುವುದಿಲ್ಲ. ಚಾಕಿ ಹುಳು, ಅಂದರೆ ಎಳೆ ಹುಳು, ತರುವ ಮುಂಚೆಯೇ ಕಿಟಕಿಗೆಲ್ಲ ನೈಲಾನ್ ಪರದೆ ಬಡಿಯುತ್ತೇವೆ. ಬಾಗಿಲಿಗೆ ಎರಡು ಪದರ. ಆಮೇಲೆ ನಾವು ನಿದ್ದೆ ಮಾಡಿದರೂ ಪರದೆ ಎದ್ದಿರುತ್ತದೆ. ಫೋನಿಗೂ ದುಡ್ಡಿಗೂ ಹೀಗೇ ಮಾಡೋಣ ಅಂತ ಕೂತೆ.

ಮೊದಲು ಖಾತೆಗಳನ್ನು ಎರಡು ಮಾಡಿದೆ. ಗೂಡಿನ ದುಡ್ಡು ಬರುವ ಖಾತೆಗೆ ಯುಪಿಐ ತೆಗೆದುಹಾಕಿದೆ. ಅದರ ಕಾರ್ಡಿನ ಆನ್‌ಲೈನ್ ಬಳಕೆ, ವಿದೇಶದ ಬಳಕೆ ಎರಡನ್ನೂ ಆಫ್ ಮಾಡಿಸಿದೆ. ಬ್ಯಾಂಕಿನಲ್ಲಿ ಕೇಳಿದರೆ ಮಾಡಿಕೊಡುತ್ತಾರೆ. ಆ ದುಡ್ಡು ಬೇಕೆಂದರೆ ಬ್ಯಾಂಕಿಗೋ ಎಟಿಎಂಗೋ ಹೋಗಲೇಬೇಕು. ಇನ್ನೊಂದು ಖಾತೆಗೆ ಮಾತ್ರ ಯುಪಿಐ ಇದೆ. ಅದರಲ್ಲಿ 3,000ಕ್ಕಿಂತ ಜಾಸ್ತಿ ಇಡುವುದಿಲ್ಲ. ಅಂಗಡಿ, ಬಸ್ಸು, ರೀಚಾರ್ಜ್ ಎಲ್ಲ ಅದರಿಂದಲೇ. ನಾಳೆ ನಾನೇ ಏಮಾರಿದರೂ ಹೋಗುವುದು ಅಷ್ಟೇ. ನನ್ನ ಗಂಡ ಮೊದಮೊದಲು 'ಇದೆಂಥ ಕಿರಿಕಿರಿ, ಪ್ರತಿ ಸಲ ಬ್ಯಾಂಕಿಗೆ ಹೋಗೋದು' ಅಂದರು. ಕಿರಿಕಿರಿ ಹೌದು. ಆದರೆ ಗೂಡಿನ ದುಡ್ಡು ಮುಟ್ಟುವುದು ತಿಂಗಳಿಗೆ ಒಂದೆರಡು ಸಲ, ಅಲ್ವಾ?

ಆಮೇಲೆ ಸಿಮ್. ಬ್ಯಾಂಕಿಗೆ ಕೊಟ್ಟಿರುವ ನಂಬರ್ ಈಗಲೂ ಕೀಪ್ಯಾಡ್ ಫೋನಿನಲ್ಲೇ ಇದೆ. ಅದರಲ್ಲಿ ವಾಟ್ಸಾಪ್ ಇಲ್ಲ, ಆ್ಯಪ್ ಇಳಿಯುವುದೂ ಇಲ್ಲ. ಮದುವೆ ಪತ್ರಿಕೆ, ಪಿಎಂ ಕಿಸಾನ್, ಟ್ರಾಫಿಕ್ ದಂಡ, ಯಾವ ಹೆಸರಲ್ಲಿ ಎಪಿಕೆ ಬಂದರೂ ಬ್ಯಾಂಕಿನ ಎಸ್ಸೆಮ್ಮೆಸ್ ಅದಕ್ಕೆ ಸಿಗುವುದಿಲ್ಲ.

ಮೂರನೆಯದು ಬೆರಳಚ್ಚು. ಆಧಾರ್ ನಂಬರ್ ಮತ್ತು ಬೆರಳಚ್ಚು ಇದ್ದರೆ ಒಟಿಪಿ ಇಲ್ಲದೆಯೇ ಖಾತೆಯಿಂದ ದುಡ್ಡು ತೆಗೆಯುವ ವ್ಯವಸ್ಥೆ ಇದೆ. ಹಳ್ಳಿಗಳಲ್ಲಿ ಅದು ಉಪಕಾರವೂ ಹೌದು, ನಕಲು ಬೆರಳಚ್ಚು ಇಟ್ಟುಕೊಂಡವನಿಗೆ ಬಾಗಿಲೂ ಹೌದು. ಆಧಾರ್ ಸಂಸ್ಥೆಯ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಅಂತ ಇದೆ, ಮನೆಯ ಎಲ್ಲರದ್ದೂ ಹಾಕಿದೆ. ಒಂದು ಎಚ್ಚರಿಕೆ. ಲಾಕ್ ಹಾಕಿದ್ದರೆ ರೇಷನ್ ಅಂಗಡಿಯಲ್ಲೂ ಬೆರಳು ತೆಗೆದುಕೊಳ್ಳುವುದಿಲ್ಲ. ಅತ್ತೆ ಒಂದು ಸಲ ಸಾಲಿನಲ್ಲಿ ಗಂಟೆಗಟ್ಟಲೆ ನಿಂತು ಖಾಲಿ ಚೀಲದಲ್ಲಿ ವಾಪಸ್ ಬಂದರು. ಈಗ ರೇಷನ್‌ಗೆ ಹೊರಡುವಾಗ ನನಗೆ ಹೇಳುತ್ತಾರೆ, ನಾನು ಸ್ವಲ್ಪ ಹೊತ್ತಿಗೆ ಮಾತ್ರ ತೆಗೆಯುತ್ತೇನೆ.

ಇಷ್ಟಾದ ಮೇಲೂ ಗುರುತಿಸುವುದನ್ನು ಬಿಡಲಿಲ್ಲ. ಪರದೆ ಇದ್ದರೂ ತಟ್ಟೆ ನೋಡುತ್ತೇವಲ್ಲ, ಹಾಗೆ. ದುಡ್ಡು ಬರಬೇಕಾದರೆ ಯುಪಿಐ ಪಿನ್ ಒತ್ತುವ ಕೆಲಸವೇ ಇಲ್ಲ, ಕ್ಯೂಆರ್ ಸ್ಕ್ಯಾನ್ ಮಾಡುವ ಕೆಲಸವೂ ಇಲ್ಲ. ದುಡ್ಡು ಬರುತ್ತೆ ಅಂತ ಹೇಳಿ ಪಿನ್ ಕೇಳಿದರೆ ದುಡ್ಡು ಹೋಗುತ್ತಿದೆ ಅಂತಲೇ ಅರ್ಥ. ಎಸ್ಸೆಮ್ಮೆಸ್ ಕಳಿಸಿದವರ ಹೆಸರಿನ ಕೊನೆಯ ಅಕ್ಷರ ನೋಡುತ್ತೇನೆ. 2025ರ ಮೇ ತಿಂಗಳಿಂದ ವಹಿವಾಟಿನದಕ್ಕೆ ಟಿ, ಸೇವೆಗೆ ಎಸ್, ಪ್ರಚಾರಕ್ಕೆ ಪಿ, ಸರ್ಕಾರದ್ದಕ್ಕೆ ಜಿ ಅಂತ ಬರುತ್ತದೆ. ಬ್ಯಾಂಕಿನ ಹೆಸರಲ್ಲಿ ಹತ್ತಂಕಿಯ ಮೊಬೈಲ್ ನಂಬರಿನಿಂದ ಸಂದೇಶ ಬಂದರೆ ಓದುವುದೇ ಇಲ್ಲ. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕುವುದನ್ನೂ ಬಿಟ್ಟೆ. ಅಲ್ಲಿ ಮೋಸಗಾರರೇ ತಮ್ಮ ನಂಬರ್ ಹಾಕಿರುತ್ತಾರೆ. ಪಾಸ್‌ಬುಕ್ಕಿನ ಮೇಲೆ, ಕಾರ್ಡಿನ ಹಿಂದೆ ಇರುವ ನಂಬರನ್ನು ಗೋಡೆಗೆ, ಕ್ಯಾಲೆಂಡರ್ ಪಕ್ಕ ಬರೆದು ಅಂಟಿಸಿದ್ದೇನೆ.

ಒಮ್ಮೆ ಈ ಅಭ್ಯಾಸ ಬಂದರೆ ಫೋನಿನ ಆಚೆಗೂ ಕಣ್ಣು ಹೋಗುತ್ತದೆ. ನಮ್ಮ ಮನೆಯಲ್ಲಿ ಗೂಡು ತೂಗುವ ತಕ್ಕಡಿ ಇದೆ. ಒಂದು ದಿನ ಗ್ಯಾಸ್ ಸಿಲಿಂಡರ್ ಬಂದಾಗ ಅದನ್ನು ಜಗಲಿಗೆ ತಂದಿಟ್ಟೆ. ಸಿಲಿಂಡರ್ ಕುತ್ತಿಗೆಯ ಹತ್ತಿರ ಖಾಲಿ ತೂಕ ಬರೆದಿರುತ್ತಾರೆ, ಅದರಲ್ಲಿ 15.6 ಅಂತ ಇತ್ತು. ಮನೆಯ ಸಿಲಿಂಡರಿನಲ್ಲಿ ಗ್ಯಾಸ್ 14.2 ಕೆಜಿ. ಕೂಡಿದರೆ 29.8 ಬರಬೇಕು. ತಕ್ಕಡಿ 28.3 ತೋರಿಸಿತು. ಸೀಲು ನೋಡಲು ಸರಿಯಾಗಿಯೇ ಇತ್ತು. ತಂದಿದ್ದ ಹುಡುಗ 'ನಿಮ್ಮ ತಕ್ಕಡಿ ಸರಿ ಇಲ್ಲ ಅಕ್ಕ' ಅಂದ. ನಾನು ಜಗಳ ಆಡಲಿಲ್ಲ. ಅಂಗಡಿಯಿಂದ ಆಗತಾನೇ ತಂದಿದ್ದ 10 ಕೆಜಿ ಸಕ್ಕರೆ ಪಾಕೆಟ್ ಇತ್ತು, ಅದನ್ನಿಟ್ಟು ತೋರಿಸಿದೆ. 'ನಿನ್ನ ತಕ್ಕಡಿ ತಗೊಂಡು ಬಾ, ಅದರಲ್ಲೇ ತೂಗೋಣ' ಅಂದೆ. ಮನೆ ಬಾಗಿಲಲ್ಲಿ ತೂಗಿ ತೋರಿಸು ಅಂತ ಕೇಳುವುದು ನಮ್ಮ ಹಕ್ಕು. ಸುಮ್ನೆ ಬೇರೆ ಸಿಲಿಂಡರ್ ಇಳಿಸಿದ. ಈಗ ನಮ್ಮ ಬೀದಿಯಲ್ಲಿ ಗ್ಯಾಸ್ ಗಾಡಿ ಬಂದ ದಿನ ಆ ತಕ್ಕಡಿ ಮನೆಯಿಂದ ಮನೆಗೆ ಹೋಗುತ್ತದೆ. ಬದಲಾಯಿಸಿ ಕೊಡದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ.

ಚಿನ್ನಕ್ಕೂ ಹೀಗೇ ಒಂದು ದಾರಿ ಇದೆ. ನಾದಿನಿಗೆ ಓಲೆ ತೆಗೆದುಕೊಂಡಾಗ ದುಡ್ಡು ಕೊಡುವ ಮುಂಚೆ ಅದರ ಮೇಲಿನ ಆರು ಅಕ್ಷರ-ಅಂಕಿಯ ಗುರುತಿನ ಸಂಖ್ಯೆಯಾದ ಎಚ್‌ಯುಐಡಿಯನ್ನು ಸರ್ಕಾರದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿದೆ. ಶುದ್ಧತೆ, ಹಾಲ್‌ಮಾರ್ಕ್ ಹಾಕಿದ ಕೇಂದ್ರ, ಯಾವ ಒಡವೆ ಅನ್ನುವುದು ಎಲ್ಲ ಬರುತ್ತದೆ. ಕೈಯಲ್ಲಿ ಓಲೆ ಇದ್ದು ಆ್ಯಪ್‌ನಲ್ಲಿ ಉಂಗುರ ಅಂತ ಬಂದರೆ ಎದ್ದು ಬನ್ನಿ.

ಪರದೆ ಕೆಲಸ ಮಾಡದ ಮೋಸವೂ ಒಂದಿದೆ. ಹೆದರಿಸಿ ಮಾಡುವುದು. ಪಕ್ಕದ ಬೀದಿಯಲ್ಲಿ ಒಬ್ಬರು ನಿವೃತ್ತ ಮೇಡಂ ಇದ್ದಾರೆ, ನನ್ನ ಗಂಡನಿಗೆ ಪಾಠ ಹೇಳಿದವರು. ಪಾತ್ರೆ ವಾಪಸ್ ಕೊಡಲು ಹೋದರೆ ಮಧ್ಯಾಹ್ನದಲ್ಲೇ ಬಾಗಿಲು ಹಾಕಿತ್ತು. ತುಂಬಾ ಹೊತ್ತು ಬಡಿದ ಮೇಲೆ ಸ್ವಲ್ಪ ತೆರೆದು ಬಾಯಿ ಮೇಲೆ ಬೆರಳಿಟ್ಟರು. ಒಳಗೆ ಮೇಜಿನ ಮೇಲೆ ಫೋನ್ ನಿಲ್ಲಿಸಿತ್ತು, ಅದರಲ್ಲಿ ಪೊಲೀಸ್ ಬಟ್ಟೆ ಹಾಕಿದ ಒಬ್ಬ. ಅವರ ಹೆಸರಲ್ಲಿ ಬಂದ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆಯಂತೆ, ಮೂರು ಗಂಟೆಯಿಂದ ಅವರನ್ನು 'ಡಿಜಿಟಲ್ ಅರೆಸ್ಟ್' ಮಾಡಿದ್ದಾನಂತೆ. ನೀರು ಕುಡಿಯಲೂ ಅವನ ಅನುಮತಿ ಕೇಳುತ್ತಿದ್ದರು. ನಾನು ಹೋಗಿ ಫೋನನ್ನು ಮೇಜಿನ ಮೇಲೆ ಮಕಾಡೆ ಹಾಕಿ ಸ್ವಿಚ್ ಆಫ್ ಮಾಡಿದೆ. ಅವರು ಅಳಲು ಶುರು ಮಾಡಿದರು, 'ನನ್ನನ್ನು ಹಿಡಿದುಕೊಂಡು ಹೋಗ್ತಾರೆ' ಅಂತ. ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಕಾನೂನಿನಲ್ಲೇ ಇಲ್ಲ, ಪ್ರಧಾನಿ 2024ರ ಅಕ್ಟೋಬರ್‌ನಲ್ಲಿ ಮನದ ಮಾತಿನಲ್ಲೇ ಹೇಳಿದ್ದರು ಅಂದೆ. ಅವತ್ತು ಆ ಮಾತು ಅವರ ಕಿವಿಗೆ ಹೋಗಲಿಲ್ಲ. ಸಾಯಂಕಾಲದವರೆಗೆ ಕೈ ಹಿಡಿದು ಕೂತಿದ್ದೇ ಹೆಚ್ಚು ಕೆಲಸ ಮಾಡಿತು. ದುಡ್ಡು ಹೋಗಿರಲಿಲ್ಲ.

ಆಮೇಲೆ ನಮ್ಮ ಬೀದಿಯ ಹೆಂಗಸರು ಒಂದು ಮಾತು ಮಾಡಿಕೊಂಡೆವು. ಯಾರಿಗೇ ಆಗಲಿ, ಯಾರಿಗೂ ಹೇಳಬೇಡ ಅನ್ನುವ ಫೋನ್ ಬಂದರೆ, ಹಾಗೇ ಎದ್ದು ಪಕ್ಕದ ಮನೆಗೆ ಹೋಗಿ ಹೇಳಬೇಕು.

ಹೋದ ತಿಂಗಳು ಹುಳು ನಾಲ್ಕನೇ ಜ್ವರದಿಂದ (ಪೊರೆ ಬಿಡುವಾಗ ಮೇಯದೆ ಮಲಗುವುದನ್ನು ನಾವು ಜ್ವರ ಅನ್ನುತ್ತೇವೆ) ಎದ್ದಿತ್ತು, ಸೊಪ್ಪು ಎಷ್ಟು ಹಾಕಿದರೂ ಸಾಲದು. ಮಾವನ ಕೀಪ್ಯಾಡ್ ಫೋನ್ ಬಡಿದುಕೊಂಡಿತು. ನಾನು ತಟ್ಟೆಯ ಈ ಕಡೆ ಇದ್ದೆ, ಅವರು ಆ ಕಡೆ. 'ಹೌದಪ್ಪ, ಖಾತೆ ಇದೆ' ಅಂದರು. ಸ್ವಲ್ಪ ಹೊತ್ತು ಕೇಳಿಸಿಕೊಂಡರು. 'ನಿಲ್ಲಿಸೋದಾದರೆ ನಿಲ್ಲಿಸಪ್ಪ, ಸೋಮವಾರ ಬ್ಯಾಂಕಿಗೇ ಬರ್ತೀನಿ' ಅಂದು ಫೋನ್ ಜೇಬಿಗೆ ಹಾಕಿಕೊಂಡರು. ಯಾರು ಅಂತ ನಾನು ಕೇಳಲಿಲ್ಲ. 'ಆ ಕಡೆ ಸೊಪ್ಪು ಕಮ್ಮಿ ಆಗಿದೆ ನೋಡಮ್ಮ' ಅಂದರು.